ಕಂಬ ಹೊರುವ ಭಾರ

ಕರಾವಳಿಯಲ್ಲಿ ಹಳೆಯ ಮನೆಯೊಂದನ್ನು ಬಿಚ್ಚಿದರೆ ಮೊದಲು ಬೆಲೆ ಬರುವುದು ಕಂಬಗಳಿಗೆ, ಆಮೇಲೆ ಕೆತ್ತನೆಯ ದಾರಂದಕ್ಕೆ. ಉಳಿದದ್ದು ಬಹುಪಾಲು ಸೌದೆ. ಆ ಕಂಬ ಕೈಯಿಂದ ಕೈಗೆ ದಾಟಿ ನಗರದ ಫ್ಲ್ಯಾಟೊಂದರ ಮೂಲೆಯಲ್ಲಿ ನಿಲ್ಲುತ್ತದೆ. ಅಲ್ಲಿ ಅದು ಯಾವ ತೊಲೆಯನ್ನೂ ಹೊರುವುದಿಲ್ಲ. ಒಳಾಂಗಣ ವಿನ್ಯಾಸಕರು ಕಲೆಯಿಂದ, ತಿರುಗಾಟದಿಂದ ಸ್ಫೂರ್ತಿ ಪಡೆಯುವುದೆಂದರೆ ಎಷ್ಟೋ ಸಲ ಇಷ್ಟೇ ಆಗಿಬಿಟ್ಟಿದೆ. ತಂದುಕೊಳ್ಳುವ ಕಣ್ಣಿನ ಜೊತೆಗೆ ಕೊಟ್ಟುಬಿಡುವ ಮನಸ್ಸೂ ಇದ್ದರೆ ಅದೇ ಹಳೆಯ ಮನೆ ಪಾಠಶಾಲೆಯಾಗುತ್ತದೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅದಕ್ಕೆ ಸಾಕ್ಷಿ.

ಅದನ್ನು ಕಟ್ಟಿದ ವಿಜಯನಾಥ ಶೆಣೈ ವಾಸ್ತುಶಿಲ್ಪ ಓದಿದವರಲ್ಲ. ಸಿಂಡಿಕೇಟ್ ಬ್ಯಾಂಕಿನ ನೌಕರರಾಗಿದ್ದವರು, ಸಂಗೀತಪ್ರಿಯರು. ಕೆಡವುತ್ತಿದ್ದ ಮನೆಗಳ ಮರಮಟ್ಟು ಆಯ್ದು ತಂದು ಮಣಿಪಾಲದಲ್ಲಿ ‘ಹಸ್ತಶಿಲ್ಪ’ ಎಂಬ ತಮ್ಮ ಮನೆ ಕಟ್ಟಿಕೊಂಡರು. ನೋಡಲು ಜನ ಬರತೊಡಗಿದರು. ಅಷ್ಟು ಆಸೆಯಿಂದ ಕಟ್ಟಿದ ಮನೆಯನ್ನು ಅವರು ಟ್ರಸ್ಟೊಂದಕ್ಕೆ ಬಿಟ್ಟುಕೊಟ್ಟರು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ. ಸ್ವಂತಕ್ಕೆಂದು ತಂದಾಗ ಚೆಂದದ್ದಷ್ಟನ್ನೇ ಆರಿಸಬಹುದು. ಊರಿಗೆಂದು ಉಳಿಸುವಾಗ ಅಡುಗೆಮನೆ, ಬಚ್ಚಲು, ಕತ್ತಲ ಕೋಣೆ ಎಲ್ಲವೂ ಬೇಕಾಗುತ್ತದೆ. ಆನಂತರ ಬಿಡಿ ಕಂಬಗಳ ಬದಲು ಇಡೀ ಮನೆಗಳೇ ಬಂದವು. 1341ರದ್ದೆಂದು ಗುರುತಿಸಿರುವ ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್, ಹುಮನಾಬಾದಿನ ನವಾಬ್ ಮಹಲ್ ಸೇರಿ ಸುಮಾರು 6 ಎಕರೆಯಲ್ಲಿ 20ಕ್ಕೂ ಹೆಚ್ಚು ಕಟ್ಟಡಗಳು ನಿಂತಿವೆ. ನಾರ್ವೆ, ಫಿನ್ಲೆಂಡ್ ಸರ್ಕಾರಗಳೂ ನೆರವಾದವು.

ವಿನ್ಯಾಸ ಕಲಿಯುವವರು ಹೆಚ್ಚು ಹೊತ್ತು ಕೂರಬೇಕಾದದ್ದು ಅಲ್ಲಿಗೆ ತಂದು ನಿಲ್ಲಿಸಿದ 1816ರ ಕುಂಜೂರು ಚೌಕಿಮನೆಯಲ್ಲಿ. ನಡುವೆ ಬಯಲಾದ ಅಂಗಳ, ಸುತ್ತ ಇಳಿಜಾರು ಮಾಡು. ಪಡುಗಡಲ ಮಳೆಯ ನಾಡಿನಲ್ಲಿ ಮನೆಯ ನಡುಮಧ್ಯವನ್ನೇ ಆಕಾಶಕ್ಕೆ ತೆರೆದಿಟ್ಟ ಧೈರ್ಯವದು. ನೀರು ಅಂಗಳಕ್ಕೆ ಬಿದ್ದು ಹೊರಗೆ ಹರಿಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಬೆಳಕು ಕಂಬಗಳ ನಡುವೆ ಸೋಸಿ ಜಗಲಿಗೆ ಇಳಿಯುತ್ತದೆ. ಇಂಥ ಮನೆಗಳಲ್ಲಿ ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಬೋದಿಗೆ ಎರಡೂ ಕಡೆ ಕೈಚಾಚಿ ತೊಲೆಯ ಭಾರವನ್ನು ಹಂಚಿಕೊಳ್ಳುತ್ತದೆ. ಕಣ್ಣಿಗೆ ಅಲಂಕಾರವಾಗಿ ಕಾಣುವ ಆ ಬಾಳೆಮೊಗ್ಗಿನ ಕೆತ್ತನೆ ದುಡಿಯುವ ಮರದ ತುದಿ. ಒಂದರ ತೂತಿಗೆ ಇನ್ನೊಂದರ ನಾಲಗೆ ಕೂರಿಸಿ ಬೆಣೆ ಹೊಡೆದ ಜೋಡಣೆಯಾದ್ದರಿಂದಲೇ ಇಂಥ ಮನೆಯನ್ನು ಬಿಚ್ಚಿ ಮತ್ತೆ ನಿಲ್ಲಿಸಲು ಸಾಧ್ಯ. ಕಾಂಕ್ರೀಟಿಗೆ ಆ ಎರಡನೆಯ ಜನ್ಮವಿಲ್ಲ.

ಬೇರು ಕಿತ್ತ ಮನೆ ಮನೆಯೇ ಅಲ್ಲ, ಅದರ ಗದ್ದೆ, ತೋಟ, ನೆರೆಹೊರೆ ಹಿಂದೆ ಉಳಿದವು ಎಂಬ ಆಕ್ಷೇಪ ನ್ಯಾಯವಾದದ್ದೇ. ಇದ್ದಲ್ಲೇ ಉಳಿಸುವುದು ಮೇಲು. ಆದರೆ ಪಾಲಾಗಿ, ಮಕ್ಕಳು ಮುಂಬೈಗೋ ದುಬೈಗೋ ಹೋಗಿ, ಮಾಡು ಸೋರಿ ಗೋಡೆ ಕರಗುತ್ತಿರುವ ಮನೆಗೆ ಆ ಆಯ್ಕೆ ಉಳಿದಿರುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು: ಈ ದೊಡ್ಡ ಮನೆಗಳು ನಿಂತದ್ದು ಗೇಣಿಯ ಅಕ್ಕಿಯ ಮೇಲೆ. 1974ರ ಭೂಸುಧಾರಣೆಯಿಂದ ಉಳುವವನಿಗೆ ನೆಲ ಸಿಕ್ಕಿತು, ಅದು ಆಗಬೇಕಾದದ್ದೇ. ಹಾಗೆಂದು ಬಡಗಿಯ ಜಾಣ್ಮೆಯನ್ನು ಯಜಮಾನನ ಲೆಕ್ಕಕ್ಕೆ ಬರೆದು ಒಲೆಗೆ ಹಾಕಬೇಕಿಲ್ಲ. ಮನೆ ಒಬ್ಬರ ಆಸ್ತಿಯಾಗಿರುವತನಕ ಅಂಗಳದಾಚೆ ನಿಲ್ಲಬೇಕಾಗಿದ್ದವರ ಮೊಮ್ಮಕ್ಕಳು ಇಂದು ಅದರ ಚಾವಡಿಯಲ್ಲಿ ನಡೆದಾಡಬಹುದು. ಕೊಟ್ಟುಬಿಡುವ ಮನಸ್ಸು ತಂದ ಬದಲಾವಣೆ ಅದು.

ಎರಡು ಕೋಣೆಯ ಫ್ಲ್ಯಾಟಿಗೆ ಚೌಕಿಮನೆಯಿಂದ ಏನು ಸಿಗುತ್ತದೆ ಎಂದು ಕೇಳಬಹುದು. ಅಂಗಳ ಸಿಗದು. ಬಾಗಿಲ ಬಳಿ ಗಳಿಗೆ ಹೊತ್ತು ಕೂರುವ ಒಂದು ಜಗಲಿ, ಬೆಳಕನ್ನು ಮೇಲಿನಿಂದ ತರುವ ಯೋಚನೆ, ಹೊರುವ ಕೆಲಸವಿರುವ ಮರ ಸಿಗಬಹುದು. ಹಳೆಯ ಕಂಬ ಕೊಳ್ಳುವ ದುಡ್ಡಿನಲ್ಲಿ ಊರ ಆಚಾರಿಗೆ ಹೊಸದೊಂದನ್ನು ಮಾಡಲು ಹೇಳಿದರೆ ಹಳೆಯ ಮನೆಯೊಂದು ಉಳಿಯುತ್ತದೆ, ಆಚಾರಿಯ ಮಗ ಉಳಿ ಹಿಡಿಯಲು ಕಾರಣವೊಂದು ಸಿಗುತ್ತದೆ. ಶೆಣೈಯವರು 2017ರ ಮಾರ್ಚಿನಲ್ಲಿ ತೀರಿಕೊಂಡರು. ಕುಂಜೂರು ಮನೆಯ ಅಂಗಳಕ್ಕೆ ಮಳೆ ಈಗಲೂ ನಾಲ್ಕು ಕಡೆಯಿಂದ ಇಳಿಯುತ್ತದೆ. ಒದ್ದೆ ಕಾಲಲ್ಲಿ ಒಳಗೆ ಓಡಿ ಬೈಸಿಕೊಳ್ಳುವ ಮಕ್ಕಳಿಲ್ಲ.