ಬೆಟ್ಟದ ಮದ್ದು, ಹೊಳೆಯ ನಂಜು

ಬೆಟ್ಟದ ಮೇಲೆ ಎರಚಿದುದು ಬೆಟ್ಟದಲ್ಲಿಯೇ ಉಳಿಯುವುದಿಲ್ಲ. ಮಳೆ ಬಿದ್ದೊಡನೆ ಅದು ತೊರೆಗಿಳಿಯುತ್ತದೆ. ತೊರೆಯಿಂದ ಹೊಳೆಗೆ, ಹೊಳೆಯಿಂದ ಕೆಳಗಿನ ಊರಿನ ಕೊಡಕ್ಕೆ. ಹಳ್ಳಿಯ ಹಸುಳೆಯೂ ಬಲ್ಲ ಈ ಮಾತನ್ನು ಕಾಡಿಗೆ ಕೀಟನಾಶಕ ಸಿಂಪಡಿಸಹೊರಟ ಸರಕಾರಗಳು ಮಾತ್ರ ಮತ್ತೆ ಮತ್ತೆ ಮರೆತಿರುವುವು. ಆ ಮರೆವಿನ ಬೆಲೆಯೇನೆಂಬುದನ್ನು ಎರಡು ದೇಶಗಳ ಅನುಭವದಿಂದ ವಾಚಕರ ಮುಂದಿಡಬಯಸುತ್ತೇವೆ.

ಕೆನಡ ದೇಶದ ಪೂರ್ವಭಾಗದಲ್ಲಿರುವ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಸಿರಿ ಎರಡು: ಕಾಗದದ ಕಾರ್ಖಾನೆಗಳಿಗೆ ಬೇಕಾದ ಸ್ಪ್ರೂಸ್ ಮತ್ತು ಫರ್ ಮರಗಳ ಕಾಡು; ಮಿರಾಮಿಚಿ ನದಿಯ ಸಾಲ್ಮನ್ ಮೀನು. ಮೊಗ್ಗು ತಿನ್ನುವ ಹುಳುವೊಂದು ಆ ಕಾಡನ್ನು ಮುತ್ತಿದುದರಿಂದ ೧೯೫೨ರಲ್ಲಿ ಅಲ್ಲಿಯ ಅಧಿಕಾರಿಗಳು ವಿಮಾನಗಳಿಂದ ಡಿ.ಡಿ.ಟಿ. ಸಿಂಪಡಿಸತೊಡಗಿದರು. ಮರಗಳನ್ನುಳಿಸುವ ಅವರ ಉದ್ದೇಶವನ್ನು ನಾವು ಹಳಿಯುವುದಿಲ್ಲ. ೧೯೫೪ರ ಜೂನ್ ತಿಂಗಳಿನಲ್ಲಿ ವಾಯವ್ಯ ಮಿರಾಮಿಚಿಯ ಸರದಿ ಬಂದಿತು. ಎಣ್ಣೆಯಲ್ಲಿ ಕರಗಿಸಿದ ವಿಷ, ಎಕರೆಗೆ ಅರ್ಧ ರಾತಲು. ಎರಡು ದಿನಗಳೊಳಗೆ ತೊರೆಗಳ ದಡದಲ್ಲಿ ಸತ್ತ ಮೀನುಗಳು ಕಂಡುವು. ಆ ವಸಂತದಲ್ಲಿ ಹುಟ್ಟಿದ ಸಾಲ್ಮನ್ ಮರಿಗಳಲ್ಲಿ ಆಗಸ್ಟಿನ ವೇಳೆಗೆ ಒಂದೂ ಉಳಿಯಲಿಲ್ಲ. ಹಿಂದಿನ ವರ್ಷದ ಮರಿಗಳಲ್ಲಿ ಆರಕ್ಕೊಂದು ಮಾತ್ರ ಬದುಕಿತು. ವಿಷಕ್ಕೆ ತುತ್ತಾಗದುಳಿದವುಗಳಿಗೆ ಹಸಿವು ಕಾದಿದ್ದಿತು. ಅವುಗಳ ಆಹಾರವಾದ ನೀರಹುಳುಗಳೇ ಹೊಳೆಯ ಕಲ್ಲುಗಳಡಿಯಿಂದ ಅಳಿದುಹೋಗಿದ್ದುವು.

ಇಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯವಾಯಿತು? ಅಲ್ಲಿಯ ಮೀನುಗಾರಿಕೆ ಸಂಶೋಧನ ಮಂಡಲಿಯವರು ೧೯೫೦ರಿಂದಲೇ ಆ ಹೊಳೆಯ ಮೀನುಗಳನ್ನು ವರ್ಷವರ್ಷವೂ ಎಣಿಸುತ್ತಿದ್ದರು. ಮುನ್ನಿನ ಲೆಕ್ಕ ಕೈಯಲ್ಲಿದ್ದುದರಿಂದ ನಷ್ಟವನ್ನು ಅಲ್ಲಗಳೆಯಲಾಗಲಿಲ್ಲ. ರೇಚಲ್ ಕಾರ್ಸನ್ ಎಂಬ ವಿದುಷಿಯು ೧೯೬೨ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಈ ವೃತ್ತಾಂತವನ್ನು ಜಗತ್ತಿಗೆ ಸಾರಿದರು. ೧೯೬೮ರ ತರುವಾಯ ಆ ಕಾಡುಗಳ ಮೇಲೆ ಡಿ.ಡಿ.ಟಿ. ಸಿಂಪರಣೆ ನಿಂತಿತು.

ಆದರೆ ಈ ಪಾಠವು ನಮ್ಮ ದೇಶಕ್ಕೆ ಬರಲಿಲ್ಲ. ಮಿರಾಮಿಚಿಯ ದುರಂತದ ೨೪ ವರ್ಷಗಳ ಮೇಲೆ, ೧೯೭೮ರಲ್ಲಿ, ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಹಾರತೊಡಗಿದುವು. ಗೇರಿನ ಚಿಗುರನ್ನು ಹೀರುವ ಚಹಾಸೊಳ್ಳೆಯನ್ನು ಕೊಲ್ಲಲು ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ತೋಟಗಳ ಮೇಲೆ ಎಂಡೋಸಲ್ಫಾನನ್ನು ೨೦೦೦ದ ವರೆಗೂ ಸುರಿಸಿತು. ಮೀನಿಗೆ ಇದು ಅತ್ಯುಗ್ರ ವಿಷ. ಗೇರುತೋಟ ಗುಡ್ಡದ ನೆತ್ತಿಯಲ್ಲಿ. ಜನರ ಮನೆ, ಬಾವಿ, ತೋಡು ಗುಡ್ಡದ ತಪ್ಪಲಿನಲ್ಲಿ. ಗುಡ್ಡವನ್ನು ಕೊರೆದ ಸುರಂಗಗಳಿಂದ ಹರಿದುಬರುವ ನೀರನ್ನೇ ಅಲ್ಲಿ ಅನೇಕರು ಕುಡಿಯುವರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ವಿಷದ ದುಃಖವನ್ನು ಜನರು ಉಂಡಿರುವರು.

೨೦೦೧ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆ ಗ್ರಾಮದ ನೀರು, ಮಣ್ಣು, ಜನರ ರಕ್ತಗಳಲ್ಲಿ ಎಂಡೋಸಲ್ಫಾನನ್ನು ಕಂಡಿತು. ಅದಕ್ಕೆ ಪ್ರತಿವಾದಗಳೂ ಹುಟ್ಟಿದುವು; ಸಮಿತಿಯ ಮೇಲೆ ಸಮಿತಿ ಕುಳಿತಿತು. ರೋಗಿಗಳು ಕಾದರು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ೨೦೧೭ರಲ್ಲಿ ನೊಂದವರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮೊದಲ ಸಿಂಪರಣೆಗೂ ಈ ಆಜ್ಞೆಗೂ ನಡುವೆ ಒಂದು ತಲೆಮಾರೇ ಕಳೆದುಹೋಗಿದ್ದಿತು. ಮಿರಾಮಿಚಿಯ ಮೀನಿಗಿದ್ದ ಲೆಕ್ಕ ಪಡ್ರೆಯ ಮಕ್ಕಳಿಗೂ ಇದ್ದಿದ್ದರೆ ಇಷ್ಟು ಕಾಲ ವಾದಿಸಬೇಕಾಗುತ್ತಿತ್ತೇ?

ಎಂಡೋಸಲ್ಫಾನಿನ ಕಾಲ ಮುಗಿದರೂ ಕೀಟಗಳ ಕಾಲ ಮುಗಿಯದು. ನಾಳೆ ಇನ್ನೊಂದು ಹೆಸರಿನ ಮದ್ದು ಬಂದೀತು. ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಗುಡ್ಡಕ್ಕೆ ಮದ್ದು ಹಾಕುವ ಮುನ್ನ ಕೆಳಗಿನ ತೊರೆಯ ನೀರನ್ನೂ ಅದರ ಜೀವಿಗಳನ್ನೂ ಪರೀಕ್ಷಿಸಿ ಬರೆದಿಡತಕ್ಕದ್ದು. ತರುವಾಯವೂ ಪರೀಕ್ಷಿಸಿ ಎರಡು ಲೆಕ್ಕಗಳನ್ನೂ ಪ್ರಕಟಿಸತಕ್ಕದ್ದು. ತೊರೆಗಳ ಇಕ್ಕೆಲದ ಪಟ್ಟಿಯನ್ನು ಮುಟ್ಟದೆ ಬಿಡತಕ್ಕದ್ದು. ಆ ನೀರನ್ನು ಕುಡಿಯುವವರ ಒಪ್ಪಿಗೆಯಿಲ್ಲದೆ ಕೆಲಸಕ್ಕೆ ಕೈಹಾಕಬಾರದು. ಇದಕ್ಕೆ ತಗಲುವ ವೆಚ್ಚ ಅಲ್ಪ. ತಪ್ಪಿದರೆ ತೆರಬೇಕಾದ ದಂಡವೆಷ್ಟೆಂಬುದನ್ನು ಕಾಸರಗೋಡಿನ ಮನೆಮನೆಯೂ ಹೇಳಬಲ್ಲದು.