ವೈರ್ ಚುಚ್ಚಿದರೆ ತಪ್ಪು ನಿಮ್ಮ ಮೈಯದ್ದಲ್ಲ

ಕಳೆದ ವರ್ಷ ಆಫೀಸಿನ ರಿವ್ಯೂ ಮೀಟಿಂಗ್‌ನಲ್ಲಿ ಮಾತಾಡುತ್ತಿದ್ದೆ. ಎಡ ಕಂಕುಳ ಕೆಳಗೆ ಏನೋ ಚುಚ್ಚಿದ ಹಾಗಾಯ್ತು. ಮೊಣಕೈಯನ್ನು ಒತ್ತಿ ಹಿಡಿದುಕೊಂಡೇ ಇಪ್ಪತ್ತು ನಿಮಿಷ ಹೇಗೋ ಮುಗಿಸಿದೆ. ವಾಶ್‌ರೂಮಿಗೆ ಹೋಗಿ ನೋಡಿದರೆ ಬ್ರಾದ ವೈರ್ ಬಟ್ಟೆ ಹರಿದುಕೊಂಡು ಅರ್ಧ ಇಂಚು ಹೊರಗೆ ಬಂದಿದೆ, ಚರ್ಮ ಕೆರೆದು ರಕ್ತ ಜಿನುಗುತ್ತಿದೆ. ಅದನ್ನು ತಗೊಂಡು ಮೂರು ತಿಂಗಳಾಗಿತ್ತಷ್ಟೇ.

"ಈ ವೈರ್ ಬ್ರಾ ಸಹವಾಸವೇ ಬೇಡಪ್ಪ" ಅಂತ ಪಕ್ಕದ ಸೀಟಿನ ಗೆಳತಿ ಹತ್ತಿರ ಗೊಣಗಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನೀನು ಕೊನೇ ಸಲ ಅಳತೆ ತೆಗೆಸಿದ್ದು ಯಾವಾಗ?"

ಉತ್ತರ ಇರಲಿಲ್ಲ. ಪಿಯುಸಿಯಲ್ಲಿದ್ದಾಗ ಅಮ್ಮನ ಜೊತೆ ಊರಿನ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಒಮ್ಮೆ ನೋಡಿ, "34 ಸಾಕು ಬಿಡಿ" ಅಂದು ಡಬ್ಬಿ ಮುಂದಿಟ್ಟರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆ ಒಂದು ನೋಟದ 34ಬಿ ಯನ್ನೇ ಹನ್ನೆರಡು ವರ್ಷ ಹಾಕಿಕೊಂಡಿದ್ದೆ!

ಮೊದಲು ಟೇಪ್ ಹಿಡಿಯಿರಿ

ಅವತ್ತು ಸಂಜೆ ರೂಮಿನಲ್ಲಿ ಟೇಪ್ ತಗೊಂಡೆ. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಬಿಗಿಯಾಗಿ ಅಳೆದರೆ 32 ಇಂಚು. ಎದೆಯ ತುಂಬಿದ ಭಾಗದಲ್ಲಿ ಸಡಿಲವಾಗಿ ಅಳೆದರೆ 36. ಎರಡರ ನಡುವಿನ ವ್ಯತ್ಯಾಸವೇ ಕಪ್: 1 ಇಂಚಾದರೆ ಎ, 2 ಬಿ, 3 ಸಿ, 4 ಡಿ. ಅಂದರೆ ನನ್ನದು 32ಡಿ.

ನಂಬಲೇ ಇಲ್ಲ. ಡಿ ಅಂದರೆ ಬಹಳ ದೊಡ್ಡದು ಅಂತ ನನ್ನ ತಲೆಯಲ್ಲಿತ್ತು. ಆದರೆ ಅಕ್ಷರಕ್ಕೆ ಒಂಟಿಯಾಗಿ ಅರ್ಥವಿಲ್ಲ. 32ಡಿ ಮತ್ತು 34ಸಿ ಕಪ್‌ಗಳಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಅಷ್ಟೇ. ಕಪ್ ಸರಿಯಾಗಿದ್ದು ಬ್ಯಾಂಡ್ ಮಾತ್ರ ಬಿಗಿ ಅನಿಸಿದರೆ ಹೀಗೆ ಬ್ಯಾಂಡ್ ಒಂದು ಮೇಲೆ, ಅಕ್ಷರ ಒಂದು ಕೆಳಗೆ ಹೋಗಬಹುದು. ಕೆಲವು ಕಂಪನಿಗಳು ಎದೆ ಕೆಳಗಿನ ಅಳತೆಗೆ 4-5 ಇಂಚು ಸೇರಿಸಿ ಲೆಕ್ಕ ಹಾಕುತ್ತವೆ. ಹಾಗಾಗಿ ಟೇಪಿನ ಲೆಕ್ಕ ಬರೀ ಆರಂಭ, ತೀರ್ಮಾನ ಆಗಬೇಕಾದ್ದು ಟ್ರಯಲ್ ರೂಮಿನಲ್ಲಿ.

ಕನ್ನಡಿ ಮುಂದೆ ಐದು ಪರೀಕ್ಷೆ

ಹುಕ್ ಹಾಕಿದ ಮೇಲೆ ಸ್ವಲ್ಪ ಮುಂದೆ ಬಾಗಿ, ಕಂಕುಳ ಕಡೆಯಿಂದ ಕೈಯಲ್ಲಿ ಎದೆಯನ್ನು ಪೂರ್ತಿ ಕಪ್ಪಿನೊಳಗೆ ತಂದುಕೊಳ್ಳಿ. ಇದನ್ನು ಮಾಡದೆ ನೋಡಿದರೆ ಚಿಕ್ಕ ಕಪ್ ಕೂಡ ಸರಿ ಅಂತಲೇ ಕಾಣುತ್ತದೆ.

1. ಬ್ಯಾಂಡ್: ಭಾರದ ಹೆಚ್ಚಿನ ಪಾಲು ಹೊರಬೇಕಾದ್ದು ಇದೇ, ಸ್ಟ್ರಾಪ್ ಅಲ್ಲ. ಬೆನ್ನಲ್ಲಿ ನೇರವಾಗಿ ಕೂರಬೇಕು. ಮೇಲೆ ಏರಿದರೆ ಸಡಿಲ ಅಂತ ಅರ್ಥ. ಹೊಸ ಬ್ರಾ ಅತ್ಯಂತ ಹೊರಗಿನ, ಅಂದರೆ ಸಡಿಲದ ಹುಕ್ಕಿನಲ್ಲೇ ಹಿಡಿಯಬೇಕು. ಒಳಗಿನ ಹುಕ್‌ಗಳು ಎಲಾಸ್ಟಿಕ್ ಹಿಗ್ಗಿದ ಮೇಲೆ ಬೇಕಾಗುತ್ತವೆ.

2. ವೈರ್: ಎದೆಯ ಬುಡದ ಗೆರೆಯಲ್ಲೇ ಪಕ್ಕೆಲುಬಿನ ಮೇಲೆ ಕೂತು, ಬದಿಯಲ್ಲಿ ಕಂಕುಳ ನಡುವಿನ ಕಡೆ ಮುಖ ಮಾಡಿರಬೇಕು. ವೈರ್ ತುದಿಯನ್ನು ಒತ್ತಿ ನೋಡಿ. ಮೆತ್ತಗೆ ಅನಿಸಿದರೆ ಅದು ಎದೆಯ ಮೇಲೇ ಕೂತಿದೆ, ಕಪ್ ಚಿಕ್ಕದು.

3. ನಡುಭಾಗ: ಎರಡು ಕಪ್ ಸೇರುವ ಜಾಗ ಎದೆಮೂಳೆಗೆ ತಾಗಿರಬೇಕು. ಎದ್ದು ನಿಂತರೆ ಸಾಮಾನ್ಯವಾಗಿ ಕಪ್ ಚಿಕ್ಕದಾಗಿದೆ ಅಂತಲೇ.

4. ಕಪ್: ಮೇಲಂಚಿನಲ್ಲಿ ಉಬ್ಬಿ ಎರಡು ಭಾಗವಾಗಿ ಕಂಡರೆ ಚಿಕ್ಕದು. ಬಟ್ಟೆ ಸುಕ್ಕಾದರೆ ದೊಡ್ಡದು, ಇಲ್ಲವೇ ಆಕಾರ ನಿಮಗೆ ಹೊಂದುತ್ತಿಲ್ಲ. ಒಂದು ಕಡೆ ತುಸು ದೊಡ್ಡದಿರುವುದು ಮಾಮೂಲು, ದೊಡ್ಡ ಕಡೆಗೆ ಸರಿಯಾಗುವಂಥದ್ದು ತಗೊಳ್ಳಿ.

5. ಸ್ಟ್ರಾಪ್: ಎರಡು ಬೆರಳು ಸಲೀಸಾಗಿ ಹೋಗಬೇಕು.

ಕೊನೆಗೆ ಎರಡೂ ಕೈ ಮೇಲೆತ್ತಿ, ಕುರ್ಚಿಯಲ್ಲಿ ಕೂತು ನೋಡಿ. ನಮ್ಮ ದಿನವೆಲ್ಲ ಕಳೆಯೋದು ಕೂತೇ ತಾನೆ?

ಒಳಗಡೆ ತಿರುಗಿಸಿ ನೋಡಿ

ಲೇಸ್, ಬಣ್ಣ ಆಮೇಲೆ. ವೈರ್ ಹೆಚ್ಚಾಗಿ ಸ್ಟೀಲಿನದು, ತುದಿಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಅದು ಕೂರುವ ಬಟ್ಟೆಯ ಕೊಳವೆ ದಪ್ಪಗೆ, ಮೆತ್ತಗಿರಬೇಕು. ಕೊಳವೆಯ ಎರಡೂ ತುದಿಗೆ ಒತ್ತೊತ್ತಾದ ಗಟ್ಟಿ ಹೊಲಿಗೆ ಇದೆಯಾ ನೋಡಿ. ವೈರ್ ಅದರೊಳಗೆ ಒಂದಿಷ್ಟು ಅಲ್ಲಾಡುವಷ್ಟು ಜಾಗವೂ ಬೇಕು, ಯಾಕಂದರೆ ಹಾಕಿಕೊಂಡಾಗ ಅದು ಸ್ವಲ್ಪ ಅಗಲವಾಗುತ್ತದೆ. ಬ್ಯಾಂಡ್ ಎಳೆದು ಬಿಟ್ಟರೆ ಪಟ್ಟನೆ ವಾಪಸ್ ಬರಬೇಕು.

ನನ್ನ ಬ್ರಾ ಯಾಕೆ ಹರಿಯಿತು ಅಂತ ಆಗ ಗೊತ್ತಾಯ್ತು. ಬ್ಯಾಂಡ್ ಸಡಿಲ, ಕಪ್ ಚಿಕ್ಕದು. ವೈರ್ ದಿನವಿಡೀ ಜಾಗ ಬಿಟ್ಟು ಓಡಾಡಿ ಹೊಲಿಗೆಯನ್ನು ಸವೆಸಿತ್ತು. ಉಳಿದದ್ದನ್ನು ಜೀನ್ಸ್ ಜೊತೆ ವಾಷಿಂಗ್ ಮಷೀನಿಗೆ ಹಾಕಿ ನಾನೇ ಪೂರೈಸಿದ್ದೆ! ಈಗ ಕೈಯಲ್ಲೇ ಒಗೀತೀನಿ. ಪುರುಸೊತ್ತಿಲ್ಲದಿದ್ದರೆ ಹುಕ್ ಹಾಕಿ ಬಲೆ ಚೀಲದಲ್ಲಿಟ್ಟು ಮಷೀನಿಗೆ ಹಾಕ್ತೀನಿ. ಹಿಂಡುವುದಿಲ್ಲ. ಟವೆಲ್ ಕೆಳಗೆ ಬಚ್ಚಿಟ್ಟು ಒಣಗಿಸುವುದನ್ನೂ ಬಿಟ್ಟೆ.

ಹಾಗೇ ಒಂದು ಭಯದ ಬಗ್ಗೆ. ವೈರ್ ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತೆ ಅನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು. ಅಮೆರಿಕದ ಸಿಯಾಟಲ್‌ನಲ್ಲಿ ಮುಟ್ಟು ನಿಂತ ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧವೇನೂ ಕಾಣಲಿಲ್ಲ. ಗಂಟು ಸಿಕ್ಕಿದರೆ ಮಾತ್ರ ಬ್ರಾ ಬದಲಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಅಮ್ಮನ ಭುಜ

ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನ ಭುಜ ನೋಡಿದೆ. ಎರಡೂ ಕಡೆ ಸ್ಟ್ರಾಪ್ ಕೊರೆದು ಗುಳಿ ಬಿದ್ದಿತ್ತು. ಕೇಳಿದರೆ, "ವಯಸ್ಸಾಯ್ತಲ್ಲ ಕಣೆ, ಎಲ್ಲರಿಗೂ ಹಾಗೇ" ಅಂದಳು. ನನಗೆ 34 ಕೊಡಿಸಿದ ಅಂಗಡಿಯಲ್ಲೇ ಅವಳಿಗೂ ಯಾರೋ ಒಂದು ನೋಟದಲ್ಲಿ ನಂಬರ್ ಹೇಳಿದ್ದರು.

ರೂಮಿನ ಬಾಗಿಲು ಹಾಕಿ, "ಥೂ, ಬಿಡೇ" ಅಂದರೂ ಬಿಡದೆ ಅಳೆದೆ. ಅವಳು ಹಾಕುತ್ತಿದ್ದದ್ದು 40, ಬೇಕಾಗಿದ್ದದ್ದು 36, ಕಪ್ ಇನ್ನೂ ದೊಡ್ಡದು. ವೈರ್ ಬೇಡ ಅಂದಳು, ಒತ್ತಾಯ ಮಾಡಲಿಲ್ಲ. ವೈರ್ ಇಲ್ಲದ, ಅಗಲ ಸ್ಟ್ರಾಪಿನ ಎರಡು ಬ್ರಾ ತಂದುಕೊಟ್ಟು ಬೆಂಗಳೂರಿಗೆ ಬಂದೆ.

ವಾರ ಬಿಟ್ಟು ಫೋನ್ ಮಾಡಿದಳು. ಊಟ, ಹವಾಮಾನ, ಪಕ್ಕದ ಮನೆ ಮದುವೆ ಎಲ್ಲ ಆದಮೇಲೆ ದನಿ ತಗ್ಗಿಸಿ ಅಂದಳು: "ಮುಂದಿನ ಸಲ ಬರುವಾಗ ಆ ಟೇಪ್ ತಗೊಂಡು ಬಾ. ನಿಮ್ಮ ಚಿಕ್ಕಮ್ಮನಿಗೂ ಅಳೀಬೇಕಂತೆ."