ಎಲ್ಲರ ತಂತ್ರಾಂಶಕ್ಕೆ ಯಾರ ಸಹಿ?

ಬ್ಯಾಂಕಿನ ವೆಬ್‌ಸೈಟಿನಲ್ಲಿ ನೀವು ಒತ್ತುವ ಪಾಸ್‌ವರ್ಡ್ ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ಅದಕ್ಕಾಗಿ ಅದನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸಲಾಗುತ್ತದೆ. ಜಗತ್ತಿನ ಲಕ್ಷಾಂತರ ಸರ್ವರ್‌ಗಳಲ್ಲಿ ಈ ಕೆಲಸ ಮಾಡುವುದು ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಾಸು ಕೊಡಬೇಕಾಗಿಲ್ಲ. 2014ರ ಏಪ್ರಿಲ್ 7ರಂದು ಅದರೊಳಗಿನ ಒಂದು ದೋಷ ಬಯಲಾಯಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು.

ದೋಷವಿದ್ದದ್ದು ತೀರಾ ಸಣ್ಣ ಜಾಗದಲ್ಲಿ. ಎರಡು ಕಂಪ್ಯೂಟರ್‌ಗಳ ನಡುವಿನ ಸಂಪರ್ಕ ಇನ್ನೂ ಇದೆಯೇ ಎಂದು ತಿಳಿಯಲು ಒಂದು ಪುಟ್ಟ ಸಂದೇಶ ಕಳಿಸುವ ಏರ್ಪಾಡಿದೆ. ಅದರಲ್ಲಿ ಯಾವುದೋ ಒಂದು ಪದ ಇರುತ್ತದೆ, ಆ ಪದದ ಉದ್ದ ಎಷ್ಟು ಎಂಬ ಸಂಖ್ಯೆಯೂ ಇರುತ್ತದೆ. ಸರ್ವರ್ ಅದೇ ಪದವನ್ನು ವಾಪಸು ಕಳಿಸಿದರೆ ಸಂಪರ್ಕ ಸರಿಯಿದೆ ಎಂದರ್ಥ. ಓಪನ್‌ಎಸ್‌ಎಸ್‌ಎಲ್ ಆ ಸಂಖ್ಯೆಯನ್ನು ತಾಳೆ ನೋಡದೆ ನಂಬುತ್ತಿತ್ತು. ನಾಲ್ಕೇ ಅಕ್ಷರ ಕಳಿಸಿ ‘ಇದರ ಉದ್ದ ಅರವತ್ತು ಸಾವಿರ’ ಎಂದು ಸುಳ್ಳು ಹೇಳಿದರೂ ಸರಿ, ಸರ್ವರ್ ಆ ನಾಲ್ಕಕ್ಷರದ ಜೊತೆಗೆ ಮೆಮೊರಿಯಲ್ಲಿ ಅದರ ಪಕ್ಕ ಬಿದ್ದಿದ್ದನ್ನೆಲ್ಲ ಬಾಚಿ ಕೊಡುತ್ತಿತ್ತು. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ, ಎಷ್ಟು ಸಲ ಕೇಳಿದರೆ ಅಷ್ಟು ಸಲ. ಅದರಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು, ಗುಪ್ತಲಿಪಿಯನ್ನು ಬಿಡಿಸುವ ಕೀಲಿಯೇ ಇರಬಹುದು. ಕದ್ದವರ ಸುಳಿವು ಸರ್ವರ್‌ನ ದಾಖಲೆಯಲ್ಲಿ ಸಾಮಾನ್ಯವಾಗಿ ಉಳಿಯುತ್ತಲೂ ಇರಲಿಲ್ಲ. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳುವಾದದ್ದು ಹೀಗೆಯೇ.

ಈ ದೋಷ ಕೋಡಿನೊಳಗೆ ಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ. ಬರೆದವರಿಗೂ ಕಾಣಲಿಲ್ಲ, ಪರಿಶೀಲಿಸಿದವರಿಗೂ ಕಾಣಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಹೊಸ ಆವೃತ್ತಿಯ ಜೊತೆ ಜಗತ್ತಿಗೆಲ್ಲ ಹರಡಿ ಎರಡು ವರ್ಷ ಹಾಗೇ ಇತ್ತು. ಸರಿಪಡಿಸಲು ಬೇಕಾದದ್ದು ಕೆಲವೇ ಸಾಲು: ಹೇಳಿದ ಉದ್ದವೂ ಬಂದ ಪದದ ಉದ್ದವೂ ಹೊಂದುತ್ತವೆಯೇ ನೋಡು, ಹೊಂದದಿದ್ದರೆ ಉತ್ತರ ಕೊಡಬೇಡ.

ನನ್ನನ್ನು ಕಾಡುವುದು ಆ ದೋಷಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಲೆಕ್ಕಪತ್ರ. ಇಂಟರ್‌ನೆಟ್ ವ್ಯಾಪಾರ ಈ ಪಾಟಿ ನೆಚ್ಚಿಕೊಂಡಿದ್ದ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಉಳಿದ ಕೆಲವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದರು. ಊರಿನ ಕೆರೆಯ ನೀರು ಎಲ್ಲರಿಗೂ ಬೇಕು, ಹೂಳೆತ್ತುವ ಸರದಿ ಮಾತ್ರ ಯಾರದೂ ಅಲ್ಲ ಎಂಬಂಥ ಸ್ಥಿತಿ.

ಸುದ್ದಿ ಹೊರಬಿದ್ದು ಮೂರು ವಾರವಾಗುವುದರೊಳಗೆ ಲಿನಕ್ಸ್ ಫೌಂಡೇಶನ್ ಒಂದು ನಿಧಿಯನ್ನು ಘೋಷಿಸಿತು. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಐಬಿಎಂ ಸೇರಿದಂತೆ ಸುಮಾರು ಹನ್ನೆರಡು ಕಂಪನಿಗಳು ಮೂರು ವರ್ಷ, ವರ್ಷಕ್ಕೆ ತಲಾ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದವು. ಆ ಹಣದಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿ ಪ್ರೋಗ್ರಾಮರ್‌ಗಳು ಸಿಕ್ಕರು. ಕೋಡಿನ ತಪಾಸಣೆಯೂ ನಡೆಯಿತು.

ಈ ಕಂಪನಿಗಳಿಗೆ ಹಿಂದೆಯೂ ದುಡ್ಡಿಗೆ ಬರವಿರಲಿಲ್ಲ. ಹಾಗಾದರೆ ಯಾಕೆ ಕೊಟ್ಟಿರಲಿಲ್ಲ? ಬಿಟ್ಟಿ ಸಿಗುವುದಕ್ಕೆ ಯಾರೂ ತಾವಾಗಿ ಬೆಲೆ ಕಟ್ಟುವುದಿಲ್ಲ ಎಂಬುದು ನಿಜ. ಆದರೆ ಕೊಡುವ ಮನಸ್ಸಿದ್ದರೂ ಚೆಕ್ ಬರೆಯುವುದು ಯಾರ ಹೆಸರಿಗೆ? ಮುಕ್ತ ತಂತ್ರಾಂಶವೆಂದರೆ ಹತ್ತಾರು ದೇಶಗಳಲ್ಲಿ ಚದುರಿರುವ ಜನ ಸೇರಿ ಬರೆದ ಕೋಡ್. ಆ ಗುಂಪಿಗೆ ಸಾಮಾನ್ಯವಾಗಿ ಬ್ಯಾಂಕ್ ಖಾತೆ ಇರುವುದಿಲ್ಲ, ತೆರಿಗೆ ಸಂಖ್ಯೆ ಇರುವುದಿಲ್ಲ, ಕರಾರಿಗೆ ಸಹಿ ಹಾಕುವ ಅಧಿಕಾರ ಯಾರಿಗೂ ಇರುವುದಿಲ್ಲ. ಯಾರಾದರೂ ದಾವೆ ಹೂಡಿದರೆ ನೋಟಿಸು ಬರುವುದು ಯಾವನೋ ಒಬ್ಬ ಸ್ವಯಂಸೇವಕನ ಮನೆಗೆ. ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನಗಳು ಹುಟ್ಟಿದ್ದು ಈ ಕೊರತೆಯನ್ನು ತುಂಬಲಿಕ್ಕೆ.

ಇವುಗಳಲ್ಲಿ ಹಿರಿಯದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್. ರಿಚರ್ಡ್ ಸ್ಟಾಲ್‌ಮನ್ ಅದನ್ನು ಕಟ್ಟಿದ್ದು 1985ರಲ್ಲಿ. ವೆಬ್ ಸರ್ವರ್ ಬರೆಯುತ್ತಿದ್ದ ಅಪಾಚೆ ಗುಂಪಿನವರು ಕಾನೂನಿನ ತೊಡಕಿನಿಂದ ತಮ್ಮ ಸದಸ್ಯರನ್ನು ಕಾಪಾಡಿಕೊಳ್ಳಲು 1999ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಆದರು. ಪ್ರತಿಯೊಂದು ಯೋಜನೆಯೂ ತನ್ನದೇ ಸಂಸ್ಥೆ ಕಟ್ಟಿಕೊಳ್ಳಬೇಕೆಂದಿಲ್ಲ. ಡೆಬಿಯನ್ ಎಂಬ ಯೋಜನೆಯ ಹಣವನ್ನೂ ಆಸ್ತಿಯನ್ನೂ 1997ರಿಂದ ಬೇರೊಂದು ಸಂಸ್ಥೆ ನೋಡಿಕೊಳ್ಳುತ್ತಿದೆ. ಗಿಟ್, ಇಂಕ್‌ಸ್ಕೇಪ್‌ನಂಥ ಹಲವು ಯೋಜನೆಗಳು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಒಂದೇ ಸೂರಿನಡಿ ಇವೆ. ಪ್ರೋಗ್ರಾಮರ್ ಕೋಡ್ ಬರೆಯುತ್ತಾನೆ, ರಸೀದಿ, ಆಡಿಟ್, ವಕೀಲರ ತಲೆನೋವು ಸಂಸ್ಥೆಯದು.

ಎಲ್ಲ ಪ್ರತಿಷ್ಠಾನಗಳೂ ಒಂದೇ ಜಾತಿಯವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಮೆರಿಕದ ತೆರಿಗೆ ಕಾನೂನಿನಲ್ಲಿ ಅಪಾಚೆ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಇವೆಲ್ಲ ದತ್ತಿ ಸಂಸ್ಥೆಗಳು. ಸಾರ್ವಜನಿಕ ಹಿತಕ್ಕಾಗಿಯೇ ಕೆಲಸ ಮಾಡಬೇಕು. ಲಿನಕ್ಸ್ ಫೌಂಡೇಶನ್ ಕೂಡ ಲಾಭ ಮಾಡುವುದಿಲ್ಲ, ಆದರೆ ಅದು ವಾಣಿಜ್ಯ ಸಂಘದ ವರ್ಗಕ್ಕೆ ಸೇರಿದ್ದು. ಸದಸ್ಯ ಕಂಪನಿಗಳ ಸಾಮೂಹಿಕ ಹಿತ ಕಾಯುವುದು ಅದರ ಧರ್ಮ. ಅದರಿಂದ ದೊಡ್ಡ ದೊಡ್ಡ ಕೆಲಸಗಳಾಗಿವೆ, ಮೇಲಿನ ನಿಧಿಯೇ ಸಾಕ್ಷಿ. ಆದರೂ ಕಂಪನಿಗಳಿಗೆ ಬೇಡವಾದ, ಜನರಿಗೆ ಬೇಕಾದ ತಂತ್ರಾಂಶವನ್ನು ಅಂಥ ಸಂಘ ಸಾಕಬೇಕೆಂದು ನಿರೀಕ್ಷಿಸುವುದು ತಪ್ಪು. ಅದಕ್ಕೆ ದತ್ತಿ ಸಂಸ್ಥೆಗಳೇ ಬೇಕು ಎಂದು ನಾನು ನಂಬುತ್ತೇನೆ.

ಸಂಸ್ಥೆಯ ಆಸರೆ ಸಿಕ್ಕ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಜಗತ್ತಿನ ಸರ್ವರ್‌ಗಳನ್ನು ನಡುಗಿಸಿದ, ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಅಪಾಚೆಯ ಮನೆಯೊಳಗಿನದೇ. ಕೋಡ್ ಬರೆಯುವುದಕ್ಕೆ ಸಂಬಳ ಕೊಡುವುದಿಲ್ಲ ಎಂಬುದು ಅಪಾಚೆಯ ನಿಯಮ. ಹೆಸರು, ಸರ್ವರ್, ಕಾನೂನಿನ ರಕ್ಷಣೆ ಅದು ಕೊಡುತ್ತದೆ, ಲಾಗ್‌ಫೋರ್‌ಜೆಯನ್ನು ನೋಡಿಕೊಳ್ಳುತ್ತಿದ್ದವರು ಸ್ವಯಂಸೇವಕರು. ಇನ್ನು ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಕಥೆ ಇದಕ್ಕಿಂತ ಕಳವಳದ್ದು. ಅದನ್ನು ವರ್ಷಗಟ್ಟಲೆ ಬಿಟ್ಟಿಯಾಗಿ ಸಾಕಿದ್ದು ದಣಿದುಹೋಗಿದ್ದ ಒಬ್ಬ ವ್ಯಕ್ತಿ. ಸಹಾಯ ಮಾಡುವ ನೆಪದಲ್ಲಿ ಒಬ್ಬ ಅನಾಮಿಕ ಹತ್ತಿರ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೋಡ್ ಬರೆದು ವಿಶ್ವಾಸ ಗಳಿಸಿ, ಕೊನೆಗೆ ಗುಟ್ಟಾಗಿ ಒಂದು ಕಳ್ಳದಾರಿ ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿದೆಯಲ್ಲ ಎಂದು ಕೆದಕಿ ನೋಡಿದ್ದರಿಂದ ಅದು ಸಿಕ್ಕಿಬಿತ್ತು. ಆ ಒಂಟಿ ಮನುಷ್ಯನ ಪಕ್ಕದಲ್ಲಿ ಸಂಬಳ ಪಡೆಯುವ ಇನ್ನೊಬ್ಬರು ಇದ್ದಿದ್ದರೆ ಅನಾಮಿಕನಿಗೆ ಅಷ್ಟು ಸುಲಭವಾಗಿ ಬಾಗಿಲು ತೆರೆಯುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಇಂಥ ಬಿಡಿ ಯೋಜನೆಗಳಿಗೆ ನೇರವಾಗಿ ಹಣ ಮುಟ್ಟಿಸುವ ಒಂದು ಪ್ರಯತ್ನ ಬೆಂಗಳೂರಿನಿಂದಲೇ ಶುರುವಾಗಿದೆ. ಷೇರು ವಹಿವಾಟಿನ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಸರಿ, ವರ್ಷಕ್ಕೆ ಒಟ್ಟು ಹತ್ತು ಲಕ್ಷ ಡಾಲರ್ ಕೊಡುವ ನಿಧಿಯನ್ನು ಪ್ರಕಟಿಸಿತು. ಇದು ಕಂಪನಿಯೊಂದರ ನಿಧಿ, ಪ್ರತಿಷ್ಠಾನವಲ್ಲ. ಆದರೂ ಬಳಸಿದ್ದಕ್ಕೆ ಋಣ ತೀರಿಸಬೇಕೆಂದು ಇಲ್ಲಿಯ ಕಂಪನಿಯೊಂದಕ್ಕೆ ಅನ್ನಿಸಿತಲ್ಲ, ಅದು ಸಂತೋಷದ ಸಂಗತಿ.

ಹಣಕ್ಕಿಂತ ಹೆಚ್ಚಾಗಿ ಹೆಸರಿಗೆ, ಹಕ್ಕಿಗೆ ಸಂಸ್ಥೆ ಬೇಕಾಗುತ್ತದೆ ಎಂಬುದಕ್ಕೆ ಲಿಬ್ರೆಆಫೀಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪತ್ರ ಬರೆಯಲು, ಲೆಕ್ಕ ಹಾಕಲು ಕನ್ನಡಿಗರೂ ಬಳಸುವ ತಂತ್ರಾಂಶ ಅದು. ಅದರ ಹಿಂದಿನ ರೂಪ ಓಪನ್‌ಆಫೀಸ್. ಕೋಡ್ ಮುಕ್ತವಾಗಿತ್ತು, ಆದರೆ ಹೆಸರೂ ಯಜಮಾನಿಕೆಯೂ ಸನ್ ಕಂಪನಿಯದು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಹೊಸ ಒಡೆಯ ಏನು ಮಾಡುತ್ತಾನೋ ಎಂಬ ಆತಂಕದಲ್ಲಿ ಸ್ವಯಂಸೇವಕರು ಅದೇ ವರ್ಷದ ಸೆಪ್ಟೆಂಬರ್ 28ರಂದು ಬೇರೆಯಾಗಿ ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಘೋಷಿಸಿದರು. ಹಳೆಯ ಹೆಸರನ್ನು ದಾನವಾಗಿ ಕೊಡಿ ಎಂದು ಒರಾಕಲನ್ನು ಕೇಳಿದರು, ಅಲ್ಲಿಯವರೆಗೆ ಲಿಬ್ರೆಆಫೀಸ್ ಎಂದು ಕರೆದುಕೊಂಡರು. ಹೆಸರು ಸಿಗಲಿಲ್ಲ. ಪ್ರತಿಷ್ಠಾನದ ಜೊತೆ ಸೇರಿದವರು ಓಪನ್‌ಆಫೀಸ್‌ನ ಮಂಡಳಿ ಬಿಡಬೇಕು ಎಂಬ ಮಾತು ಬಂತು. ಲೈಸೆನ್ಸ್ ಕೊಟ್ಟ ಹಕ್ಕಿನಿಂದ ಕೋಡನ್ನು ಹೊತ್ತು ತಂದದ್ದಾಯಿತು, ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಬೇಕಿತ್ತು.

ಅವರು ಪ್ರತಿಷ್ಠಾನಕ್ಕೆ ಜರ್ಮನಿಯನ್ನು ಆರಿಸಿಕೊಂಡರು. ಅಲ್ಲಿಯ ಕಾನೂನಿನಲ್ಲಿ ಪ್ರತಿಷ್ಠಾನಕ್ಕೆ ಮಾಲೀಕರಿಲ್ಲ, ಅದನ್ನು ಯಾರೂ ಕೊಂಡುಕೊಳ್ಳುವಂತಿಲ್ಲ, ಮೂಲ ಉದ್ದೇಶವನ್ನು ಬದಲಿಸುವುದು ಬಹಳ ಕಷ್ಟ. ಮೂಲಧನವಾಗಿ 50,000 ಯೂರೋ ಬೇಕಿತ್ತು. 2011ರ ಫೆಬ್ರುವರಿಯಲ್ಲಿ ಜನರ ಮುಂದೆ ಕೈಚಾಚಿದರು. ಎಂಟೇ ದಿನದಲ್ಲಿ ಹಣ ಕೂಡಿತು, ಅದೂ ಸಾಮಾನ್ಯ ಬಳಕೆದಾರರ ಸಣ್ಣಪುಟ್ಟ ದೇಣಿಗೆಗಳಿಂದ. 2012ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ಸಂಸ್ಥೆ ಅಧಿಕೃತವಾಗಿ ಸ್ಥಾಪನೆಯಾಯಿತು.

ಅದರ ನಿಯಮಾವಳಿಯಲ್ಲಿ ಎರಡು ಅಂಶಗಳಿವೆ. ಆಡಳಿತ ಮಂಡಳಿಯಲ್ಲಿ ಯಾವುದೇ ಒಂದು ಕಂಪನಿಯವರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರುವಂತಿಲ್ಲ. ಮಂಡಳಿಯನ್ನು ಆರಿಸುವ ಸದಸ್ಯತ್ವ ಚಂದಾ ಕಟ್ಟಿದರೆ ಸಿಗುವುದಿಲ್ಲ. ಕನಿಷ್ಠ ಮೂರು ತಿಂಗಳು ಕೆಲಸ ಮಾಡಿ ತೋರಿಸಿರಬೇಕು, ಮುಂದೆಯೂ ಮಾಡುವ ಮನಸ್ಸಿರಬೇಕು. ಕೆಲಸವೆಂದರೆ ಕೋಡ್ ಬರೆಯುವುದೊಂದೇ ಅಲ್ಲ, ದೋಷ ಹುಡುಕಿ ವರದಿ ಮಾಡುವುದು, ಕೈಪಿಡಿ ಬರೆಯುವುದು, ಅನುವಾದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲಿಬ್ರೆಆಫೀಸ್‌ನ ಮೆನುಗಳನ್ನು ಸತತವಾಗಿ ಕನ್ನಡಕ್ಕೆ ತರುವವರು ಧಾರವಾಡದಲ್ಲಿ ಕೂತು ಅರ್ಜಿ ಹಾಕಬಹುದು. ಸದಸ್ಯರಾದ ಮೇಲೆ ಬರ್ಲಿನ್‌ನ ಆ ಮಂಡಳಿಯ ಚುನಾವಣೆಯಲ್ಲಿ ಅವರದೂ ಒಂದು ಮತ.